ಮಾನವ ದೇಹದಲ್ಲಿ ಫ್ಲೋರೈಡ್ ಹೀರಿಕೆ ಮತ್ತು ವಿಸರ್ಜನೆ

ಕುಡಿಯುವ ನೀರು ಮತ್ತು ಆಹಾರದ ಮೂಲಕ ಒಳಸೇರುವ ಫ್ಲೋರೈಡ್ ರಕ್ತವನ್ನು ಸೇರಿ, ಒಂದಂಶ ಮೂಳೆ ಮತ್ತು ಹಲ್ಲುಗಳಲ್ಲಿ ಸಂಗ್ರಹವಾಗಿ, ಉಳಿದದ್ದು ಮುಖ್ಯವಾಗಿ ಮೂತ್ರದಲ್ಲಿ ಹೊರಹೋಗುವ ಪ್ರಕ್ರಿಯೆಯನ್ನು ಫ್ಲೋರೈಡ್ ಹೀರಿಕೆ ಮತ್ತು ವಿಸರ್ಜನೆ ಎನ್ನಲಾಗುತ್ತದೆ. ರಾಯಚೂರು ಜಿಲ್ಲೆಯ ದೇವದುರ್ಗ, ಲಿಂಗಸೂಗೂರು, ಮಾನ್ವಿ ಮತ್ತು ಹಿಂದೆ ಮಾನ್ವಿಗೆ ಸೇರಿದ್ದ ಸಿರವಾರ ಭಾಗಗಳಲ್ಲಿ ಕೊಳವೆಬಾವಿ ನೀರನ್ನು ಅವಲಂಬಿಸಿದವರ ಆರೋಗ್ಯಕ್ಕೆ ಇದು ನೇರವಾಗಿ ಸಂಬಂಧಿಸಿದ ವಿಷಯವಾಗಿದೆ.

ಮೂಲ

ಈ ಪ್ರದೇಶದ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿರುವ ಬಯೋಟೈಟ್, ಅಪಟೈಟ್, ಫ್ಲೋರೈಟ್ ಮುಂತಾದ ಖನಿಜಗಳಿಂದ ಫ್ಲೋರೈಡ್ ಅಂತರ್ಜಲಕ್ಕೆ ಕರಗುತ್ತದೆ. ಕ್ಯಾಲ್ಸಿಯಂ ಕಡಿಮೆಯಿರುವ ಕ್ಷಾರೀಯ ನೀರಿನಲ್ಲಿ ಕರಗುವಿಕೆ ಹೆಚ್ಚು. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಮೀರಬಾರದು, ಬೇರೆ ಮೂಲವಿಲ್ಲದಿದ್ದಲ್ಲಿ 1.5 ಮಿ.ಗ್ರಾಂ ವರೆಗೆ ಅನುಮತಿಯಿದೆ. ಭಾರತದಲ್ಲಿ ಈ ರೋಗದ ಮೊದಲ ವರದಿ ಬಂದದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರಿನಿಂದ.

ಹೀರಿಕೆ

ನೀರಿನಲ್ಲಿ ಕರಗಿದ ಫ್ಲೋರೈಡ್‌ನ ಬಹುಪಾಲು ಜಠರ ಮತ್ತು ಸಣ್ಣ ಕರುಳಿನಲ್ಲಿ ಹೀರಲ್ಪಡುತ್ತದೆ. ಜಠರದ ಆಮ್ಲದಲ್ಲಿ ಅದು ಹೈಡ್ರೋಜನ್ ಫ್ಲೋರೈಡ್ ಆಗಿ ಮಾರ್ಪಟ್ಟು ಜೀವಕೋಶಗಳ ಪೊರೆಯನ್ನು ಸುಲಭವಾಗಿ ದಾಟುತ್ತದೆ. ಬರಿಹೊಟ್ಟೆಯಲ್ಲಿ ಕುಡಿದ ನೀರಿನ ಫ್ಲೋರೈಡ್ ಸುಮಾರು ಒಂದು ಗಂಟೆಯೊಳಗೆ ರಕ್ತದಲ್ಲಿ ಗರಿಷ್ಠ ಮಟ್ಟ ತಲುಪುತ್ತದೆ. ಊಟದೊಂದಿಗೆ ಹಾಲಿನಂತಹ ಕ್ಯಾಲ್ಸಿಯಂಯುಕ್ತ ಪದಾರ್ಥಗಳಿದ್ದರೆ ಹೀರಿಕೆ ಕುಗ್ಗುತ್ತದೆ.

ನೀರನ್ನು ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಂತೆ ಅದರ ಸಾಂದ್ರತೆ ಏರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ರಾಯಚೂರಿನಂತಹ ಜಿಲ್ಲೆಯಲ್ಲಿ ಹೊಲಗೆಲಸದವರು ಕುಡಿಯುವ ನೀರಿನ ಪ್ರಮಾಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಲೀಟರಿಗೆ 3 ಮಿ.ಗ್ರಾಂ ಫ್ಲೋರೈಡ್ ಇರುವ ನೀರನ್ನು ದಿನಕ್ಕೆ 4 ಲೀಟರ್ ಕುಡಿದವರಿಗೆ ನೀರೊಂದರಿಂದಲೇ 12 ಮಿ.ಗ್ರಾಂ ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಎಲ್ಲ ಮೂಲಗಳಿಂದ ದಿನಕ್ಕೆ ಸುಮಾರು 6 ಮಿ.ಗ್ರಾಂ ಮೀರಿದಾಗಲೇ ಮೂಳೆಯ ಮೇಲಿನ ಅಪಾಯ ಹೆಚ್ಚತೊಡಗುತ್ತದೆ.

ಸಂಗ್ರಹ

ದೇಹದಲ್ಲಿ ಉಳಿಯುವ ಫ್ಲೋರೈಡ್‌ನ ಸುಮಾರು 99 ಶೇಕಡಾ ಮೂಳೆ ಮತ್ತು ಹಲ್ಲುಗಳಲ್ಲಿರುತ್ತದೆ. ವಯಸ್ಕರಲ್ಲಿ ಹೀರಲ್ಪಟ್ಟ ಫ್ಲೋರೈಡ್‌ನ ಸುಮಾರು ಅರ್ಧ ಮೂಳೆಗೆ ಸೇರಿದರೆ, ಬೆಳೆಯುತ್ತಿರುವ ಎಳೆಯ ಮಕ್ಕಳಲ್ಲಿ ಈ ಪಾಲು 80 ಶೇಕಡಾವರೆಗೆ ಹೋಗಬಹುದು. ತಾಯಿಯ ಹಾಲಿಗೆ ಫ್ಲೋರೈಡ್ ಇಳಿಯುವುದು ಅತ್ಯಲ್ಪ. ಆದರೆ ಫ್ಲೋರೈಡ್‌ಯುಕ್ತ ಕೊಳವೆಬಾವಿ ನೀರಿನಲ್ಲಿ ಹಾಲಿನಪುಡಿ ಕಲಸಿ ಕುಡಿಸಿದರೆ ಶಿಶುವಿಗೆ ಆ ರಕ್ಷಣೆ ತಪ್ಪುತ್ತದೆ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಹೆಚ್ಚು ಫ್ಲೋರೈಡ್ ಸೇರಿದರೆ ಮೂಡುವ ಕಂದುಕಲೆ ಶಾಶ್ವತವಾಗಿರುತ್ತದೆ.

ವಿಸರ್ಜನೆ

ವಿಸರ್ಜನೆಯ ಮುಖ್ಯ ದಾರಿ ಮೂತ್ರಪಿಂಡ. ಮಲದಲ್ಲಿ ಹೋಗುವುದು ಸೇವನೆಯ ಸುಮಾರು ಹತ್ತನೇ ಒಂದು ಭಾಗ, ಬೆವರಿನಲ್ಲಿ ಇನ್ನೂ ಕಡಿಮೆ. ಮೂತ್ರ ಆಮ್ಲೀಯವಾಗಿದ್ದರೆ ಫ್ಲೋರೈಡ್ ಮರಳಿ ರಕ್ತಕ್ಕೆ ಸೇರುವುದು ಹೆಚ್ಚು, ಕ್ಷಾರೀಯವಾಗಿದ್ದರೆ ಹೊರಹೋಗುವುದು ಹೆಚ್ಚು. ಮೂತ್ರಪಿಂಡದ ಕಾಯಿಲೆಯಿರುವವರಲ್ಲಿ ವಿಸರ್ಜನೆ ತಗ್ಗುವುದರಿಂದ ಅದೇ ನೀರು ಅವರಿಗೆ ಹೆಚ್ಚು ಹಾನಿಕರ.

ಮೂಳೆ ಸದಾ ಸವೆದು ಮರುರೂಪುಗೊಳ್ಳುವುದರಿಂದ ಅದರೊಳಗಿನ ಫ್ಲೋರೈಡ್ ನಿಧಾನವಾಗಿ ರಕ್ತಕ್ಕೆ ಮರಳುತ್ತದೆ. ಹೀಗಾಗಿ ಶುದ್ಧ ನೀರಿಗೆ ಬದಲಾಯಿಸಿದ ಎಷ್ಟೋ ವರ್ಷಗಳವರೆಗೂ ಮೂತ್ರದಲ್ಲಿ ಫ್ಲೋರೈಡ್ ಕಾಣಿಸಿಕೊಳ್ಳಬಹುದು. ಒಂದು ಬಾರಿಯ ಮೂತ್ರ ಪರೀಕ್ಷೆಯಿಂದ ಸದ್ಯದ ನೀರು ಕೆಟ್ಟದ್ದೆಂದು ತೀರ್ಮಾನಿಸುವುದು ಸರಿಯಲ್ಲ.

ಆಹಾರದ ಪ್ರಭಾವ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲಕ್ಷ್ಮಯ್ಯ ಮತ್ತು ಶ್ರೀಕಂಠಯ್ಯ 1977ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಕಿ ಪ್ರಧಾನ ಆಹಾರಕ್ಕಿಂತ ಜೋಳ ಪ್ರಧಾನ ಆಹಾರದಲ್ಲಿದ್ದವರ ದೇಹ ಹೆಚ್ಚು ಫ್ಲೋರೈಡನ್ನು ಉಳಿಸಿಕೊಂಡಿತು. ಜೋಳದ ರೊಟ್ಟಿಯೇ ನಿತ್ಯದ ಊಟವಾಗಿರುವ ಈ ಭಾಗಕ್ಕೆ ಇದು ಗಮನಾರ್ಹ. ಆದರೆ ಇದನ್ನು ಜೋಳದ ದೋಷವೆಂದು ಓದುವುದು ತಪ್ಪಾಗುತ್ತದೆ. ಫ್ಲೋರೈಡ್ ಬರುವುದು ಮುಖ್ಯವಾಗಿ ನೀರಿನಿಂದ. ಅದೇ ಸಂಸ್ಥೆಯ 2002ರ ಅಧ್ಯಯನದಲ್ಲಿ, ದಿನಕ್ಕೆ 10 ಗ್ರಾಂ ಹುಣಸೆಹಣ್ಣನ್ನು 18 ದಿನ ಸೇವಿಸಿದ ಬಾಲಕರ ಮೂತ್ರದಲ್ಲಿ ಫ್ಲೋರೈಡ್ ವಿಸರ್ಜನೆ ಹೆಚ್ಚಿತ್ತು. ಹುಣಸೆ ನೀರಿನ ಬದಲಾವಣೆಗೆ ಪರ್ಯಾಯವಲ್ಲ.

ನೀರಿನಿಂದ ಫ್ಲೋರೈಡ್ ತೆಗೆಯಲು ಆಲಂ ಮತ್ತು ಸುಣ್ಣ ಬಳಸುವ ನಲ್ಗೊಂಡ ವಿಧಾನ, ಸಕ್ರಿಯ ಅಲ್ಯೂಮಿನಾ ಶೋಧಕ ಮತ್ತು ಆರ್‌ಒ ಘಟಕಗಳು ಬಳಕೆಯಲ್ಲಿವೆ. ತುಂಗಭದ್ರಾ ಎಡದಂಡೆ ಕಾಲುವೆಯಂತಹ ಮೇಲ್ಮೈ ನೀರಿನಲ್ಲಿ ಸಾಮಾನ್ಯವಾಗಿ ಫ್ಲೋರೈಡ್ ಕಡಿಮೆಯಿದ್ದರೂ ಅದನ್ನು ಶುದ್ಧೀಕರಿಸದೆ ಕುಡಿಯಲಾಗದು.