ಪರದೇಶದ ಪಾಠ, ಮಲೆನಾಡಿನ ಪರೀಕ್ಷೆ

ಒಂದು ದೇಶವು ಮತ್ತೊಂದು ದೇಶದಿಂದ ಕಲಿಯುವುದು ಹೊಸ ಸಂಗತಿಯಲ್ಲ. ಆದರೆ ಏನನ್ನು ಕಲಿಯಬೇಕು, ಕಲಿತದ್ದನ್ನು ಹೇಗೆ ಬಳಸಬೇಕು ಎಂಬುದು ಪ್ರತಿಯೊಂದು ತಲೆಮಾರಿಗೂ ಹೊಸ ಪ್ರಶ್ನೆಯೇ. ಇದಕ್ಕೆ ಶಿವಮೊಗ್ಗೆಯ ಸೀಮೆಯ ಚರಿತ್ರೆಯು ಕೊಡುವ ಉತ್ತರವನ್ನು ಶ್ರೋತೃಗಳ ಮುಂದಿಡುವುದು ಈ ಭಾಷಣದ ಉದ್ದೇಶ.

ಶಿವಮೊಗ್ಗೆಯಿಂದ ತೀರ್ಥಹಳ್ಳಿಯ ಕಡೆಗೆ ಹೋದರೆ ಗಾಜನೂರಿನಲ್ಲಿ ತುಂಗೆಗೆ ಕಟ್ಟಿದ ಅಣೆಕಟ್ಟು ಸಿಕ್ಕುತ್ತದೆ. ಅದರ ಅಳತೆ, ಲೆಕ್ಕಾಚಾರಗಳು ಹೊಸ ಕಾಲದವು. ಆದರೆ ಹೊಳೆಗೆ ಒಡ್ಡು ಹಾಕಿ ಗದ್ದೆಗೆ ನೀರು ಹಾಯಿಸುವ ವಿದ್ಯೆಯನ್ನು ನಮಗೆ ಹೊರಗಿನವರು ಹೇಳಿಕೊಡಬೇಕಾಗಿರಲಿಲ್ಲ. ವಿಜಯನಗರದ ಅರಸರ ಕಾಲದ ಕಾಲುವೆಗಳು ತುಂಗಭದ್ರೆಯ ದಂಡೆಯಲ್ಲಿ ಇಂದಿಗೂ ಹರಿಯುತ್ತಿವೆ. ಹಿರಿಯರ ಅನುಭವವು ಸಾಕಾಗದೆ ಹೋದ ಸ್ಥಳಗಳಲ್ಲಿ ಮಾತ್ರವೇ ಪರದೇಶದ ಕಡೆಗೆ ನೋಡಬೇಕಾಯಿತು. ಅಂಥ ಎರಡು ಸಂದರ್ಭಗಳು ಈ ಜಿಲ್ಲೆಯಲ್ಲಿಯೇ ಒದಗಿದವು. ಒಂದು ಬಡತನದ್ದು, ಇನ್ನೊಂದು ರೋಗದ್ದು.

ಮೊದಲನೆಯದು ಭದ್ರಾವತಿಯ ಕಥೆ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋಗಿ ಬಂದರು. ಜಪಾನು 1872ರಲ್ಲಿಯೇ ದೇಶದ ಮಕ್ಕಳೆಲ್ಲರಿಗೂ ಪ್ರಾಥಮಿಕ ವಿದ್ಯೆ ದೊರೆಯಬೇಕೆಂದು ಶಾಸನ ಮಾಡಿತ್ತು. ದೊಡ್ಡ ಸಂಬಳ ಕೊಟ್ಟು ಯೂರೋಪು, ಅಮೆರಿಕಾಗಳಿಂದ ತಜ್ಞರನ್ನು ಕರೆಸಿ, ತನ್ನ ಯುವಕರು ಆ ವಿದ್ಯೆಯಲ್ಲಿ ಪಳಗಿದೊಡನೆ ಅವರನ್ನೇ ಆ ಸ್ಥಾನಗಳಲ್ಲಿ ಕೂರಿಸಿತ್ತು. 1912ರಲ್ಲಿ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾದರು. ಮರುವರ್ಷವೇ ಸಂಸ್ಥಾನದಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ಶಾಸನವು ಹುಟ್ಟಿ, ಆರಿಸಿದ ಕೆಲವು ಪ್ರದೇಶಗಳಲ್ಲಿ ವಿದ್ಯೆಯು ಕಡ್ಡಾಯವಾಯಿತು. ಅವಿದ್ಯೆ ಮತ್ತು ಉದ್ಯೋಗದ ಅಭಾವಗಳು ಒಂದೇ ದಾರಿದ್ರ್ಯದ ಎರಡು ಮುಖಗಳೆಂಬುದು ಅವರ ದೃಢವಾದ ನಂಬಿಕೆ.

ಬೆಂಕಿಪುರವೆಂದು ಹಿಂದೆ ಹೆಸರಾಗಿದ್ದ ಭದ್ರಾವತಿಯಲ್ಲಿ 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸವು ಆರಂಭವಾಯಿತು. ಸಲಹೆಗಾರರು ನ್ಯೂಯಾರ್ಕಿನ ಪೆರಿನ್ನರು. ಕೆಮ್ಮಣ್ಣುಗುಂಡಿಯಲ್ಲಿ ಅದುರು ಇತ್ತು. ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. ಆದುದರಿಂದ ಮಲೆನಾಡಿನ ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಬಂದ ಇದ್ದಲಿನಿಂದ ಅದುರನ್ನು ಕರಗಿಸುವುದೆಂದೂ, ಜೊತೆಗೆ ದೊರೆಯುವ ಮರದ ಮದ್ಯಸಾರ ಮುಂತಾದುವನ್ನು ಮಾರುವುದೆಂದೂ ನಿಶ್ಚಯವಾಯಿತು. 1923ರಲ್ಲಿ ಕುಲುಮೆ ಹೊತ್ತಿತು. ಅದೇ ವರ್ಷ ಜರ್ಮನಿಯು ಮರದ ಹಂಗಿಲ್ಲದೆ ಆ ಮದ್ಯಸಾರವನ್ನು ರಾಸಾಯನಿಕವಾಗಿ ತಯಾರಿಸತೊಡಗಿತು! ಹೊರಗಿನಿಂದ ತಂದ ವಿದ್ಯೆಯು ಬೇರೂರುವ ಮೊದಲೇ ಹೊರಗೆ ಹಳತಾಗುತ್ತಿತ್ತು.

ಆಗ ಕಾರ್ಖಾನೆಯನ್ನು ಉಳಿಸಿದ್ದು ಯಂತ್ರವಲ್ಲ, ಜಪಾನಿನಲ್ಲಿ ಕಂಡಿದ್ದ ನೀತಿ. 1923ರಿಂದ 1929ರವರೆಗೆ ಆಡಳಿತ ಮಂಡಲಿಯ ಅಧ್ಯಕ್ಷರಾಗಿದ್ದ ವಿಶ್ವೇಶ್ವರಯ್ಯನವರು ವೆಚ್ಚವನ್ನು ಬಿಗಿಹಿಡಿದು, ವಿದೇಶೀಯರ ಸ್ಥಾನಗಳಿಗೆ ದೇಶೀಯರನ್ನು ಸಿದ್ಧಪಡಿಸಿದರು. ಈ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನೂ ಯುವಕರಿಗೆ ಕೈಕೆಲಸ ಕಲಿಸುವ ಸಂಸ್ಥೆಗೆಂದು ಬಿಟ್ಟುಕೊಟ್ಟರು. ಅದರಿಂದ ಬೆಂಗಳೂರಿನ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಯು ಹುಟ್ಟಿತು. ಆದರೂ ಒಂದು ಮಾತನ್ನು ಮರೆಯಲಾಗದು: ಕುಲುಮೆಯ ಹೊಟ್ಟೆಗೆ ಹೋದದ್ದು ನಮ್ಮ ಕಾಡು. ಆ ಲೆಕ್ಕವನ್ನು ಯಾವ ಪರದೇಶದ ತಜ್ಞನೂ ನಮಗಾಗಿ ಬರೆದಿಡಲಾರ.

ಎರಡನೆಯ ಪರೀಕ್ಷೆ ಕಾಡಿನಿಂದಲೇ ಬಂದಿತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯತೊಡಗಿದವು. ಸೌದೆಗೂ ಸೊಪ್ಪಿಗೂ ಕಾಡಿಗೆ ಹೋದ ಜನರು ತೀವ್ರ ಜ್ವರದಿಂದ ಮಲಗಿದರು. ಅಮೆರಿಕೆಯ ರಾಕ್‌ಫೆಲರ್ ಪ್ರತಿಷ್ಠಾನದ ಸಹಕಾರದಿಂದ 1952ರಲ್ಲಿ ಪುಣೆಯಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನ ಕೇಂದ್ರದ ವಿದ್ವಾಂಸರು ಬಂದು, ರೋಗವನ್ನು ಹರಡುವುದು ಉಣುಗೆಂದು ಕಂಡುಹಿಡಿದರು. ಈ ವೈರಸ್ಸು ರಷ್ಯಾದ ಕಾಡುಗಳ ಮಿದುಳುಜ್ವರದ ವೈರಸ್ಸಿಗೆ ಹತ್ತಿರದ ಬಂಧು. ಹಾಗಾದರೆ ಆ ಜ್ವರಕ್ಕೆ ಮಾಡಿದ ಲಸಿಕೆಯೇ ಇಲ್ಲಿಯೂ ಸಾಕಲ್ಲವೆ? ಹಾಗೆಂದು ಜನರಿಗೆ ಹಾಕಿ ನೋಡಿದರು. ಅದು ರಕ್ಷಣೆ ಕೊಡಲಿಲ್ಲ. ಕೊನೆಗೆ ನಮ್ಮ ವೈರಸ್ಸಿನಿಂದಲೇ ನಮ್ಮ ದೇಶದಲ್ಲಿ ಲಸಿಕೆಯನ್ನು ತಯಾರಿಸಬೇಕಾಯಿತು. ಅದರ ರಕ್ಷಣೆಯೂ ಅಪೂರ್ಣವೆಂದು ತಿಳಿದು ಮುಂದೆ ಅದರ ಬಳಕೆಯೂ ನಿಂತಿತು. ಶೋಧನೆಯು ಇನ್ನೂ ಮುಗಿದಿಲ್ಲ.

ಈ ಎರಡು ಕಥೆಗಳ ತಾತ್ಪರ್ಯವು ಒಂದೇ. ಪರದೇಶದಿಂದ ತಂದ ಸಿದ್ಧವಸ್ತುವು ನಮ್ಮ ಮಣ್ಣಿನಲ್ಲಿ ಸೋಲಬಹುದು. ಆದರೆ ಅಲ್ಲಿಯ ಜನರು ಪ್ರಶ್ನೆ ಕೇಳುವ ರೀತಿ, ಅಳೆದು ನೋಡುವ ತಾಳ್ಮೆ, ತಮ್ಮವರನ್ನು ತರಬೇತುಗೊಳಿಸುವ ಹಟ, ಇವು ಎಲ್ಲ ನೆಲದಲ್ಲಿಯೂ ಫಲ ಕೊಡತಕ್ಕ ಬೀಜಗಳು. ಪೆರಿನ್ನರ ಕುಲುಮೆಗಿಂತ ಅದರ ಮುಂದೆ ನಿಂತು ಕಲಿತ ದೇಶೀಯ ಇಂಜಿನಿಯರನೂ, ಹೊರಗಿನ ಲಸಿಕೆಗಿಂತ ಅದು ಸಾಲದೆಂದು ಪರೀಕ್ಷಿಸಿ ಹೇಳಿದ ಸಂಶೋಧಕನೂ ನಾಡಿಗೆ ಹೆಚ್ಚಿನ ಲಾಭ. ಹೊರಗಿನಿಂದ ಯಾವ ಹೊಸ ಯೋಜನೆಯು ಬಂದರೂ ಅದರ ಬೆಲೆಯೆಷ್ಟೆಂದು ಕೇಳುವ ಜೊತೆಗೆ, ಅದರಿಂದ ನಮ್ಮವರು ಎಷ್ಟು ಮಂದಿ ವಿದ್ಯಾವಂತರಾಗುವರು, ನಮ್ಮ ಕಾಡುಹೊಳೆಗಳು ಏನನ್ನು ತೆರಬೇಕಾಗುವುದು ಎಂದು ಕೇಳುವುದು ವಿವೇಕಿಗಳ ಲಕ್ಷಣ.