ಘಟ್ಟದ ತಲೆಯ ನಿಲ್ದಾಣ: ಸಕಲೇಶಪುರದಲ್ಲಿ ರೈಲು ಮತ್ತು ಬಸ್ಸು

ಹಾಸನದಿಂದ ಮಂಗಳೂರಿನ ಕಡೆಗೆ ಹೊರಟ ರೈಲಿನಲ್ಲಿ ನೀವು ಕುಳಿತಿದ್ದೀರಿ ಎಂದುಕೊಳ್ಳಿ. ಆಲೂರು, ಬಾಳ್ಳುಪೇಟೆ ದಾಟುತ್ತದೆ. ಎರಡೂ ಕಡೆ ಗದ್ದೆ, ಶುಂಠಿ ಹೊಲ, ಕಾಫಿ ತೋಟ. ಗುಡ್ಡಗಳು ಬರುತ್ತವೆ, ಆದರೆ ರೈಲು ತೇಗುವುದಿಲ್ಲ. ಸಕಲೇಶಪುರದಲ್ಲಿ ಇಳಿದರೆ ಪಟ್ಟಣದ ಬಸ್ ನಿಲ್ದಾಣಕ್ಕೆ ಬಂದು ಬೇಲೂರು, ಮೂಡಿಗೆರೆ, ಸೋಮವಾರಪೇಟೆ ಕಡೆಗೆ ಹೋಗಬಹುದು. ಇಳಿಯದೆ ಮುಂದುವರಿದರೆ ದೋಣಿಗಾಲ್ ಆದ ಮೇಲೆ ಸುರಂಗಗಳ ಸಾಲು ಶುರು. ಪಟ್ಟಣ ಚಿಕ್ಕದು. ಆದರೂ ರೈಲು, ಹೆದ್ದಾರಿ, ಮಲೆನಾಡಿನ ಹಳ್ಳಿದಾರಿಗಳು ಎಲ್ಲವೂ ಇಲ್ಲೇ ಏಕೆ ಕೂಡುತ್ತವೆ? ಉತ್ತರ ಅರ್ಧ ಭೂಗೋಳದಲ್ಲಿದೆ, ಅರ್ಧ ಭೌತಶಾಸ್ತ್ರದಲ್ಲಿದೆ.

ಮೊದಲು ನೀರನ್ನು ಗಮನಿಸಿ. ಸಕಲೇಶಪುರದ ಬದಿಯಲ್ಲಿ ಹರಿಯುವ ಹೇಮಾವತಿ ಪೂರ್ವಕ್ಕೆ ತಿರುಗಿ ಕಾವೇರಿಯನ್ನು ಸೇರುತ್ತದೆ. ಪಟ್ಟಣದಿಂದ ಕೆಲವೇ ಕಿಲೋಮೀಟರ್ ಪಶ್ಚಿಮಕ್ಕೆ ಹೋದರೆ ಬಿದ್ದ ಮಳೆ ಕೆಂಪುಹೊಳೆ, ಗುಂಡ್ಯ ಹೊಳೆ, ಕುಮಾರಧಾರೆಗಳ ಮೂಲಕ ನೇತ್ರಾವತಿಗೆ ಹೋಗುತ್ತದೆ. ಒಂದು ಹನಿ ಬಂಗಾಳ ಕೊಲ್ಲಿಗೆ, ಪಕ್ಕದ ಹನಿ ಅರಬ್ಬಿ ಸಮುದ್ರಕ್ಕೆ! ಪ್ರಸ್ಥಭೂಮಿ ಮುಗಿದು ಇಳಿಜಾರು ಆರಂಭವಾಗುವ ಇಂಥ ಅಂಚಿನಲ್ಲಿ ಪ್ರಯಾಣಿಕರು ನಿಲ್ಲುವುದು, ಎತ್ತು ಬದಲಿಸುವುದು ಹಿಂದಿನಿಂದ ಬಂದ ರೂಢಿ. 1792ರಲ್ಲಿ ಟಿಪ್ಪು ಸುಲ್ತಾನ್ ಎಂಟು ಮೂಲೆಗಳ ಮಂಜರಾಬಾದ್ ಕೋಟೆಯನ್ನು ದೋಣಿಗಾಲ್ ಬಳಿಯ ಗುಡ್ಡದ ಮೇಲೆ ಕಟ್ಟಿಸಿದ್ದು ಈ ದಾರಿಯ ಕಾವಲಿಗಾಗಿಯೇ. ಮುಂದೆ ಕಾಫಿ ಬೆಳೆ ಹಬ್ಬಿದಾಗ, ಸಂಸ್ಕರಣೆಗಾಗಿ ಮಂಗಳೂರಿಗೆ ಹೋಗಬೇಕಾದ ಕಾಫಿ ಗಾಡಿಗಳು ಇದೇ ಘಟ್ಟ ಇಳಿದವು.

ರೈಲು ಮಾತ್ರ ಬಹಳ ತಡವಾಗಿ ಬಂತು. ಮಂಗಳೂರಿಗೆ ಮದರಾಸಿನ ಕಡೆಯಿಂದ 1907ರಲ್ಲೇ ರೈಲು ತಲುಪಿತ್ತು. ಹಾಸನಕ್ಕೆ ಮೈಸೂರು-ಅರಸೀಕೆರೆ ಮಾರ್ಗ ಬಂದದ್ದು 1910ರ ದಶಕದ ಕೊನೆಯಲ್ಲಿ. ಆದರೆ ಹಾಸನ ಮತ್ತು ಮಂಗಳೂರು ಒಂದಕ್ಕೊಂದು ಕೂಡಿದ್ದು 1979ರಲ್ಲಿ. ಸುಮಾರು ಅರವತ್ತು ವರ್ಷ ಈ ಅಂತರವನ್ನು ತುಂಬಿದ್ದು ರಸ್ತೆ. ಹೀಗೇಕಾಯಿತು?

ಲೆಕ್ಕ ಹಾಕಿ ನೋಡೋಣ. ಘಟ್ಟದ ತಲೆಯ ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಬುಡದ ಸುಬ್ರಹ್ಮಣ್ಯ ರೋಡ್ ನಿಲ್ದಾಣ ನೂರು ಮೀಟರಿನ ಆಸುಪಾಸಿನಲ್ಲಿದೆ. ವ್ಯತ್ಯಾಸವನ್ನು 800 ಮೀಟರ್ ಎಂದಿಟ್ಟುಕೊಳ್ಳಿ. ಈ ಮಾರ್ಗದ ಇಳಿಜಾರಿನ ಮಿತಿ 50ಕ್ಕೆ 1. ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಮಾತ್ರ ಇಳಿಯಬಹುದು. 800 ಮೀಟರ್ ಇಳಿಯಲು ಕನಿಷ್ಠ 40 ಕಿ.ಮೀ. ಹಳಿ ಬೇಕಾಯಿತು. ತಿರುವುಗಳಲ್ಲಿ ಮತ್ತು ನಿಲ್ದಾಣಗಳಲ್ಲಿ ಇಳಿಜಾರು ಇನ್ನೂ ಕಡಿಮೆ ಇರಬೇಕು. ಆದ್ದರಿಂದಲೇ ಘಟ್ಟದ ಭಾಗದ ಉದ್ದ ಸುಮಾರು 55 ಕಿ.ಮೀ. ಅದರಲ್ಲಿ ಐವತ್ತಕ್ಕೂ ಹೆಚ್ಚು ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು.

ರಸ್ತೆಗೆ ಈ ಕಟ್ಟುಪಾಡು ಇಲ್ಲ. ಬಸ್ಸು 20ಕ್ಕೆ 1ರ ಏರನ್ನು ಸುಲಭವಾಗಿ ಹತ್ತುತ್ತದೆ. ಅದೇ 800 ಮೀಟರಿಗೆ ಆಗ 16 ಕಿ.ಮೀ. ಸಾಕು. ಶಿರಾಡಿ ಘಟ್ಟದ ರಸ್ತೆ ಸುಮಾರು 26 ಕಿ.ಮೀ. ಉದ್ದದಲ್ಲಿ ಕೆಲಸ ಮುಗಿಸುವುದು ಹೀಗೆ.

ರೈಲಿಗೇಕೆ ಇಷ್ಟು ಮಡಿ? ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ಉರುಳುವಾಗ ತಡೆ ತೀರ ಕಡಿಮೆ. ಸಮತಟ್ಟಾದ ಹಳಿಯಲ್ಲಿ, ಕಡಿಮೆ ವೇಗದಲ್ಲಿ, ಒಂದು ಟನ್ ಭಾರವನ್ನು ಎಳೆಯಲು ಮೂರು ನಾಲ್ಕು ಕಿಲೋಗ್ರಾಂ ತೂಕದಷ್ಟು ಬಲ ಸಾಕು. 50ಕ್ಕೆ 1ರ ಏರಿನಲ್ಲಿ ಗುರುತ್ವವೇ ಟನ್ನಿಗೆ 20 ಕಿಲೋಗ್ರಾಂನಷ್ಟು ಹಿಂದಕ್ಕೆ ಎಳೆಯುತ್ತದೆ. ಬೇಕಾದ ಬಲ ಆರೇಳು ಪಟ್ಟಾಯಿತು. ಹಾಸನದವರೆಗೆ ರೈಲಿನ ವರವಾಗಿದ್ದ ನುಣುಪೇ ಘಟ್ಟದಲ್ಲಿ ಶಾಪವಾಗುತ್ತದೆ. ಮಳೆಯಲ್ಲಿ ನೆನೆದ ಹಳಿಯ ಮೇಲೆ ಚಕ್ರ ಜಾರುತ್ತದೆ. ಆದ್ದರಿಂದ ಭಾರದ ಗಾಡಿ ಹತ್ತುವಾಗ ಹಿಂದಿನಿಂದ ತಳ್ಳಲು ಹೆಚ್ಚುವರಿ ಎಂಜಿನ್ ಬೇಕು. ಇಳಿಯುವಾಗ ಬ್ರೇಕು ಕೈಕೊಟ್ಟರೆ ಗಾಡಿಯನ್ನು ತಿರುಗಿಸಿ ನಿಲ್ಲಿಸಲು ಏರುಮುಖದ ಕವಲು ಹಳಿ ಬೇಕು.

ಇಷ್ಟು ಕಷ್ಟದ ಮಾರ್ಗವನ್ನು ಕೊನೆಗೂ ಕಟ್ಟಿದ್ದೇಕೆ? ನವಮಂಗಳೂರು ಬಂದರಿಗೆ ಒಳನಾಡಿನ ಸಂಪರ್ಕ ಬೇಕಿತ್ತು. 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳ ಪಟ್ಟಿ ಸೇರಿತು. 1960ರ ದಶಕದಲ್ಲಿ ಆರಂಭವಾದ ಮಾರ್ಗ 1979ರಲ್ಲಿ ಪೂರ್ಣಗೊಂಡಿತು. ಆದರೆ ಅದು ಮೀಟರ್ ಗೇಜು: ಹಳಿಗಳ ನಡುವಿನ ಅಂತರ 1000 ಮಿಲಿಮೀಟರ್. ಮಂಗಳೂರಿನಿಂದ ದಕ್ಷಿಣಕ್ಕೆ ಹೋಗುತ್ತಿದ್ದುದು 1676 ಮಿಲಿಮೀಟರಿನ ಬ್ರಾಡ್ ಗೇಜು. ಪ್ರಯಾಣಿಕ ಪ್ಲಾಟ್‌ಫಾರ್ಮ್ ಬದಲಿಸಿ ನಡೆದುಕೊಂಡು ಹೋಗಬಲ್ಲ. ಗೊಬ್ಬರದ ಮೂಟೆ ನಡೆಯುವುದಿಲ್ಲ. ಅದನ್ನು ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ಹೇರಬೇಕು. ಕೂಡುನಿಲ್ದಾಣದ ನಿಜವಾದ ಬೆಲೆ ಇಲ್ಲಿ ತಿಳಿಯುತ್ತದೆ: ಎಷ್ಟು ದಾರಿಗಳು ಸೇರುತ್ತವೆ ಎಂಬುದಕ್ಕಿಂತ, ಒಂದರಿಂದ ಇನ್ನೊಂದಕ್ಕೆ ದಾಟುವುದು ಎಷ್ಟು ಸುಲಭ ಎಂಬುದೇ ಮುಖ್ಯ.

1992ರಲ್ಲಿ ದೇಶದಲ್ಲಿ ಏಕಗೇಜು ಯೋಜನೆ ಬಂತು. ಘಟ್ಟದ ಹಳಿ ಬದಲಾವಣೆಗಾಗಿ 1996ರಲ್ಲಿ ರೈಲು ನಿಂತಿತು. ಕೆಲಸ ಕುಂಟಿತು. 2003ರಲ್ಲಿ ಇದಕ್ಕಾಗಿಯೇ ಹಾಸನ-ಮಂಗಳೂರು ರೈಲು ಅಭಿವೃದ್ಧಿ ಕಂಪನಿ ರೂಪುಗೊಂಡ ಮೇಲೆ ಚುರುಕಾಗಿ, 2006ರಲ್ಲಿ ಸರಕು ಗಾಡಿಗಳೂ 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲೂ ಓಡಿದವು. ನಡುವಿನ ಹನ್ನೊಂದು ವರ್ಷ ಘಟ್ಟ ಇಳಿಯುವವರಿಗೆ ಬಸ್ಸೇ ಗತಿ. ಅಷ್ಟು ವರ್ಷವೂ ಸಕಲೇಶಪುರ ಕೂಡುಸ್ಥಳವಾಗಿ ಉಳಿದದ್ದು ರಸ್ತೆ ಇದ್ದುದರಿಂದ. ಇನ್ನೊಂದು ಕಡೆ, 2015 ಮತ್ತು 2018ರಲ್ಲಿ ಕಾಂಕ್ರೀಟು ಹಾಕಲು ಶಿರಾಡಿ ರಸ್ತೆಯನ್ನು ತಿಂಗಳುಗಟ್ಟಲೆ ಮುಚ್ಚಿದಾಗ ರೈಲು ನೆರವಾಯಿತು. ಒಂದು ದಾರಿ ಮುಚ್ಚಿದಾಗ ಇನ್ನೊಂದು ಕೈಹಿಡಿಯುವುದೇ ಎರಡು ದಾರಿ ಇರುವುದರ ಲಾಭ.

ಆದರೆ ಎರಡೂ ಒಟ್ಟಿಗೆ ಕೈಬಿಟ್ಟರೆ? ರಸ್ತೆ, ಹಳಿ ಎರಡೂ ಒಂದೇ ಬೆಟ್ಟಸಾಲಿನವು. ಅದೇ ಮಳೆ, ಅದೇ ಸಡಿಲ ಮಣ್ಣು. ಗುಡ್ಡವನ್ನು ಕಡಿದ ಕಡೆ ಇಳಿಜಾರು ಕಡಿದಾಗುತ್ತದೆ. ಒಳಗೆ ಇಂಗಿದ ನೀರು ಮಣ್ಣಿನ ತೂಕವನ್ನು ಹೆಚ್ಚಿಸಿ ಹಿಡಿತವನ್ನು ಕಡಿಮೆ ಮಾಡುತ್ತದೆ. 2018ರ ಆಗಸ್ಟಿನ ಭೂಕುಸಿತದಿಂದ ಘಟ್ಟದ ರೈಲು ವಾರಗಟ್ಟಲೆ ನಿಂತಿತು. ರಸ್ತೆಯಲ್ಲೂ ಮಣ್ಣು ಕುಸಿದಿತ್ತು. 2024ರ ಜುಲೈ 26ರಂದು ಎಡಕುಮೇರಿ-ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿತು. ಅದೇ ಮಳೆಗಾಲದಲ್ಲಿ ಹೆದ್ದಾರಿಯ ದೊಡ್ಡತಪ್ಪಲು ಬಳಿಯೂ ಕುಸಿತವಾಯಿತು. ಆಗ ಚಾರ್ಮಾಡಿ ಅಥವಾ ಮಡಿಕೇರಿ ಸುತ್ತಿ ಹೋಗಬೇಕು. ಆಸ್ಪತ್ರೆಗೆ ಮಂಗಳೂರನ್ನೇ ನಂಬಿದವರಿಗೆ ಅದು ಸಣ್ಣ ಮಾತಲ್ಲ.

ಶಿಕ್ಷಕರಿಗೆ ಒಂದು ಸಲಹೆ. ಸಮೋನ್ನತಿ ರೇಖೆಗಳಿರುವ ಭೂಪಟವನ್ನು ತರಗತಿಯಲ್ಲಿ ಹರಡಿ. ಹಳಿ ಮತ್ತು ಹೆದ್ದಾರಿಯನ್ನು ಎರಡು ಬಣ್ಣಗಳಲ್ಲಿ ಮಕ್ಕಳೇ ಗುರುತಿಸಲಿ. ಪ್ರತಿ ರೇಖೆ ದಾಟಲು ಯಾವುದು ಎಷ್ಟು ದೂರ ಹೋಗುತ್ತದೆಂದು ದಾರ ಹಿಡಿದು ಅಳೆಯಲಿ. ಆಮೇಲೆ ಮೂರನೆಯ ಬಣ್ಣದಲ್ಲಿ ಕುಸಿತದ ಸ್ಥಳಗಳನ್ನು ಗುರುತಿಸಿ. ಎರಡು ದಾರಿಗಳು ಎಲ್ಲಿ ಬೇರೆಯಾಗಿವೆ, ಎಲ್ಲಿ ಒಂದೇ ಅಪಾಯದಲ್ಲಿವೆ ಎಂಬುದನ್ನು ಮಕ್ಕಳೇ ನಿಮಗೆ ಹೇಳುತ್ತಾರೆ.