ಬೆಂಡೆಬೀಜದ ಕಾಫಿಯೂ ಸಕ್ಕರೆ ಕಾಯಿಲೆಯೂ

ಬೆಂಡೆಬೀಜದ ಸಾರವನ್ನು ಸೇವಿಸಿದರೆ ಸಕ್ಕರೆ ಕಾಯಿಲೆ ಹತೋಟಿಗೆ ಬರುವುದೇ ಎಂದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಮೂವರು, ಬಂಧುಗಳಲ್ಲಿ ಅದಕ್ಕಿಂತಲೂ ಹೆಚ್ಚು ಮಂದಿ ಕೇಳಿದ್ದಾರೆ. ನಾನು ವೈದ್ಯನಲ್ಲ, ಇತಿಹಾಸ ಬೋಧಿಸಿದವನು. ಆದುದರಿಂದ ಆ ಬೀಜದ ಚರಿತ್ರೆಯಿಂದಲೇ ಆರಂಭಿಸುತ್ತೇನೆ.

ಇಂಗ್ಲಿಷಿನವರು ಬೆಂಡೆಗೆ ಹೇಳುವ 'ಓಕ್ರಾ' ಎಂಬ ಹೆಸರು ಪಶ್ಚಿಮ ಆಫ್ರಿಕದ ಇಗ್ಬೊ ಭಾಷೆಯಿಂದ ಬಂದುದು. ಗುಲಾಮರ ವ್ಯಾಪಾರ ನಡೆಯುತ್ತಿದ್ದ ಕಾಲದಲ್ಲಿ ಈ ಬೆಳೆ ಅಟ್ಲಾಂಟಿಕ್ ಸಾಗರ ದಾಟಿ ಅಮೆರಿಕ ಸೇರಿತು. ಮೇರಿ ರ್‍ಯಾಂಡಾಲ್ಫ್ 1824ರಲ್ಲಿ ಪ್ರಕಟಿಸಿದ 'ದಿ ವರ್ಜಿನಿಯಾ ಹೌಸ್‌ವೈಫ್' ಎಂಬ ಪಾಕಗ್ರಂಥದಲ್ಲಿ ಬೆಂಡೆಯ ಅಡುಗೆಗಳಿವೆ. ಗುಲಾಮರ ಕೇರಿಯ ತರಕಾರಿ ಅಷ್ಟರಲ್ಲಿ ಒಡೆಯರ ಊಟದ ಮೇಜನ್ನೂ ಏರಿತ್ತು.

ಬೀಜಕ್ಕೆ ಮಹತ್ವ ಬಂದುದು ಯುದ್ಧದಿಂದ. ಅಮೆರಿಕದ ಅಂತರ್ಯುದ್ಧ ಆರಂಭವಾದ 1861ರ ಏಪ್ರಿಲ್‌ನಲ್ಲೇ ಅಧ್ಯಕ್ಷ ಲಿಂಕನ್ ದಕ್ಷಿಣದ ರೇವುಗಳಿಗೆ ನೌಕಾ ದಿಗ್ಬಂಧನ ವಿಧಿಸಿದರು. ಬ್ರೆಜಿಲ್‌ನಿಂದ ಹಡಗಿನಲ್ಲಿ ಬರುತ್ತಿದ್ದ ಕಾಫಿ ದುರ್ಲಭವಾಯಿತು. ಜನರು ರೈ ಧಾನ್ಯ, ಗೆಣಸು, ಓಕ್ ಮರದ ಕಾಯಿ, ನಮ್ಮ ಕಾಫಿಪುಡಿಯಲ್ಲಿ ಇಂದಿಗೂ ಬೆರೆಯುವ ಚಿಕೋರಿ, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಹುರಿದು ಕುದಿಸಿ ಕುಡಿದರು. ಬೆಂಡೆ ಬಲಿತು ನಾರಾಗಿ ಗಿಡದಲ್ಲೇ ಒಣಗಿದ ಮೇಲೆ ಬೀಜ ಬಿಡಿಸಿ, ಕಪ್ಪಾಗುವ ತನಕ ಹುರಿದು, ಬೀಸಿದರೆ ಕಾಫಿಯನ್ನು ಹೋಲುವ ಪುಡಿ ಸಿದ್ಧವಾಗುತ್ತಿತ್ತು. ಬದಲಿಗಳಲ್ಲಿ ಇದೇ ಮೇಲೆಂದು ಹೊಗಳಿದವರೂ ಉಂಟು. ಆದರೆ ಅದರಲ್ಲಿ ಕೆಫೀನ್ ಇಲ್ಲ! ಬಣ್ಣವೂ ಕಹಿಯೂ ದೊರಕಿದವು, ಕಾಫಿಯ ಚುರುಕು ಮಾತ್ರ ದೊರಕಲಿಲ್ಲ. 1865ರಲ್ಲಿ ಯುದ್ಧ ಮುಗಿದು ನಿಜವಾದ ಕಾಫಿ ಮರಳಿದಾಗ ಬೆಂಡೆಬೀಜ ಮೂಲೆ ಸೇರಿತು.

(ಬೆಂಡೆಯ ಕುಲಕ್ಕೆ ಸಸ್ಯಶಾಸ್ತ್ರಜ್ಞರು ಇಟ್ಟಿರುವ 'ಎಬೆಲ್‌ಮಾಸ್ಕಸ್' ಎಂಬ ಹೆಸರಿಗೆ ಮೂಲ, 'ಕಸ್ತೂರಿಯ ತಂದೆ' ಎಂಬರ್ಥದ ಅರಬ್ಬೀ ಮಾತು. ಪರಿಮಳವಿರುವುದು ಅದರ ದಾಯಾದಿಯಾದ ಕಸ್ತೂರಿ ಬೆಂಡೆಯ ಬೀಜದಲ್ಲಿ.)

ಇನ್ನು ನಮ್ಮ ಕಾಲಕ್ಕೆ ಬರೋಣ. 2011ರಲ್ಲಿ ಪ್ರಕಟವಾದ ಭಾರತೀಯ ಸಂಶೋಧಕರ ಪ್ರಯೋಗವೊಂದರಲ್ಲಿ, ರಾಸಾಯನಿಕದಿಂದ ಮಧುಮೇಹ ಬರಿಸಿದ ಇಲಿಗಳಿಗೆ ಬೆಂಡೆಯ ಸಿಪ್ಪೆಯ ಪುಡಿಯನ್ನೂ ಬೀಜದ ಪುಡಿಯನ್ನೂ ಬೇರೆ ಬೇರೆಯಾಗಿ ಕೊಟ್ಟಾಗ ರಕ್ತದ ಸಕ್ಕರೆ ಇಳಿಯಿತು. ಸುದ್ದಿ ಹಬ್ಬಿದುದು ಇಂಥವುಗಳಿಂದಲೇ. ಅದೇ ವರ್ಷ ಬಾಂಗ್ಲಾದೇಶದ ಸಂಶೋಧಕರು ಪ್ರಕಟಿಸಿದ ಇನ್ನೊಂದು ಪ್ರಯೋಗದ ಸುದ್ದಿ ಅಷ್ಟಾಗಿ ಹಬ್ಬಲಿಲ್ಲ. ಬೆಂಡೆಯ ನೀರಿನಂಶವು ಇಲಿಗಳ ಕರುಳಿನಲ್ಲಿ ಸಕ್ಕರೆ ಹೀರಿಕೆಯಾಗುವುದನ್ನು ತಗ್ಗಿಸಿತು, ನಿಜ. ಜೊತೆಗೆ ಕೊಟ್ಟ ಮೆಟ್‌ಫಾರ್ಮಿನ್ ಔಷಧಿಯ ಹೀರಿಕೆಯನ್ನೂ ತಗ್ಗಿಸಿತು! ಮೆಟ್‌ಫಾರ್ಮಿನ್ ನಮ್ಮಲ್ಲಿ ಅನೇಕರು ನಿತ್ಯವೂ ನುಂಗುವ ಮಾತ್ರೆ. ಮನುಷ್ಯರ ಮೇಲೂ ಕೆಲವು ಸಣ್ಣ ಪ್ರಯೋಗಗಳು ನಡೆದಿವೆ. ಬೆಂಡೆ ಮಾತ್ರೆಗೆ ಬದಲಿಯಾಗಬಲ್ಲದೆಂದು ಅವು ಸಿದ್ಧಪಡಿಸಿಲ್ಲ.

ಬೆಂಡೆಕಾಯಿ ಪಲ್ಯ, ಗೊಜ್ಜುಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ನಮ್ಮ ಬಂಧುಗಳೊಬ್ಬರು ಈ ಸಾರವನ್ನು ನಂಬಿ ಒಂದೂವರೆ ತಿಂಗಳು ಮಾತ್ರೆ ಬಿಟ್ಟಿದ್ದರೆಂದು ಈಚೆಗೆ ತಿಳಿಯಿತು. ಈಗ ವೈದ್ಯರ ಬಳಿ ಓಡಾಡುತ್ತಿದ್ದಾರೆ. ಇದನ್ನು ಓದುತ್ತಿರುವವರಲ್ಲಿ ಹಾಗೆ ಬಿಟ್ಟವರಿದ್ದರೆ ನಾಳೆಯೇ ನಿಮ್ಮ ವೈದ್ಯರನ್ನು ಕಾಣಿರಿ. ಎಷ್ಟು ದಿನದಿಂದ, ಎಷ್ಟು ಪ್ರಮಾಣದಲ್ಲಿ ಕುಡಿಯುತ್ತಿದ್ದೀರಿ ಎಂಬುದನ್ನು ಅವರಲ್ಲಿ ಮುಚ್ಚಿಡಬೇಡಿರಿ.